ಲೆಡ್ ಝೆಪ್ಪೆಲಿನ್ ನಂತರದ ರಾಬರ್ಟ್ ಪ್ಲಾಂಟ್: ಎಂಬತ್ತರ ದಶಕದ ಆ ಆಲ್ಬಮ್‌ಗಳನ್ನು ಈಗ ಕೇಳಿದರೆ ಏನನಿಸುತ್ತೆ?

ಹಳೇ_ಕ್ಯಾಸೆಟ್

ಹೋದ ತಿಂಗಳು ಊರಿನ ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಅಟ್ಟದಿಂದ ಒಂದು ರಟ್ಟಿನ ಪೆಟ್ಟಿಗೆ ಇಳಿಸಿದೆವು. ಒಳಗೆ ಅಣ್ಣನ ಕ್ಯಾಸೆಟ್‌ಗಳು. ಅರ್ಧಕ್ಕರ್ಧ ಬೂಷ್ಟು ಹಿಡಿದಿದ್ದವು. ಉಳಿದವುಗಳಲ್ಲಿ ಇಂಗ್ಲೆಂಡಿನ ರಾಕ್ ಬ್ಯಾಂಡ್ ಲೆಡ್ ಝೆಪ್ಪೆಲಿನ್‌ನ ಹಾಡುಗಾರ ರಾಬರ್ಟ್ ಪ್ಲಾಂಟ್ ಅವರ ಎರಡು ಸಿಕ್ಕವು: 1983ರ 'ದ ಪ್ರಿನ್ಸಿಪಲ್ ಆಫ್ ಮೊಮೆಂಟ್ಸ್', 1988ರ 'ನೌ ಆಂಡ್ ಝೆನ್'. ಪಕ್ಕದ ಮನೆಯಿಂದ ಟೇಪ್ ರೆಕಾರ್ಡರ್ ತಂದು, ಹೆಡ್ ಒರೆಸಿ, ಎರಡನ್ನೂ ಕೇಳಿದೆ. ಆಮೇಲೆ ಹದಿನೈದು ದಿನ ಪ್ಲಾಂಟ್ ಬಿಟ್ಟು ಬೇರೇನೂ ಕೇಳಿಲ್ಲ. 1982ರ ಮೊದಲ ಸೋಲೋ ಆಲ್ಬಮ್‌ನಿಂದ 2025ರ 'ಸೇವಿಂಗ್ ಗ್ರೇಸ್' ತನಕ ಸಾಲಾಗಿ ಕೇಳಿದೆ.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. 1980ರ ಸೆಪ್ಟೆಂಬರ್ 25ರಂದು ಲೆಡ್ ಝೆಪ್ಪೆಲಿನ್‌ನ ಡ್ರಮ್ಮರ್ ಜಾನ್ ಬಾನಮ್ ತೀರಿಕೊಂಡರು. ಡಿಸೆಂಬರ್‌ನಲ್ಲಿ ಉಳಿದ ಮೂವರೂ ಬ್ಯಾಂಡ್ ನಿಲ್ಲಿಸಿದರು. ಪ್ಲಾಂಟ್‌ಗೆ ಆಗ 32 ವರ್ಷ. ಹನ್ನೆರಡು ವರ್ಷ ತಾರಸ್ಥಾಯಿಯಲ್ಲಿ ಕಿರುಚಿ ಹಾಡಿ ಹೆಸರು ಮಾಡಿದ ಮನುಷ್ಯ. ಹೊರಗೆ ನೋಡಿದರೆ ಅಂಥ ಹಾಡಿಗೆ ಜಾಗವೇ ಇಲ್ಲ. ಪಂಕ್ ಅನ್ನೋ ಹೊಸ ಒರಟು ರಾಕ್ ಬಂದು ಅವರನ್ನೆಲ್ಲ ಹಳಬರು ಅಂದುಬಿಟ್ಟಿತ್ತು. ಸಿಂಥಸೈಸರ್ (ಸಿಂಥ್) ಅನ್ನೋ ಎಲೆಕ್ಟ್ರಾನಿಕ್ ವಾದ್ಯ ಎಲ್ಲ ಕಡೆ ಹಬ್ಬುತ್ತಿತ್ತು. 1981ರ ಆಗಸ್ಟ್‌ನಲ್ಲಿ ಹಾಡಿನ ವಿಡಿಯೋ ತೋರಿಸುವ ಟಿವಿ ಚಾನೆಲ್ ಎಂಟಿವಿ ಕೂಡ ಶುರುವಾಯಿತು.

ಅಲ್ಲಿಂದ ಅವರು ಹಾಡಿದ್ದೆಲ್ಲ ಒಂದೊಂದು ಕಾಲದ ಬಟ್ಟೆ ಹಾಕಿಕೊಂಡೇ ಬಂದಿದೆ. 'ಶೇಕನ್ ಎನ್ ಸ್ಟರ್ಡ್' 1985ರದು ಅಂತ ಕಣ್ಣು ಮುಚ್ಚಿಕೊಂಡು ಹೇಳಬಹುದು. 2007ರ 'ರೈಸಿಂಗ್ ಸ್ಯಾಂಡ್' ಯಾವ ವರ್ಷದ್ದು ಅಂತ ಮಾತ್ರ ಹೇಳೋಕೆ ಆಗಲ್ಲ. ಅದು 1957ರದೂ ಇರಬಹುದು ಅನಿಸುತ್ತೆ.

ಯಾಕೆ ಹೀಗೆ ಅಂತ ಯೋಚಿಸಿದೆ. ನನಗೆ ಹೊಳೆದಿದ್ದು ಇದು. ಪ್ಲಾಂಟ್ ಅವರ ದನಿ ಎಲ್ಲೂ ಹಳತಾಗಿಲ್ಲ. ಹಿಂದೆ ನುಡಿಯುವ ಡ್ರಮ್ ಹಳತಾಗಿದೆ. ಫ್ಯಾಷನ್ ಮೊದಲು ಹೊಕ್ಕಿದ್ದು ಅಲ್ಲಿಗೆ. ನೀವೇನಂತೀರಿ?

ದಾವಣಗೆರೆ_ರಾಕ್

ಸರ್, ಒಳ್ಳೆ ವಿಷಯ ತೆಗೆದಿದ್ದೀರಿ. ಆದರೆ ನಾನು ಸ್ವಲ್ಪ ಕಟುವಾಗಿ ಹೇಳ್ತೀನಿ. ಪ್ಲಾಂಟ್ ನನಗೆ ದೇವರಂಥ ಹಾಡುಗಾರ, ಅದಕ್ಕೇ ಹೇಳ್ತಿರೋದು.

ಸಿಂಥ್ ಓಡುತ್ತಿದ್ದಾಗ ಸಿಂಥ್ ಹಾಕಿದರು. ಹಿಪ್ ಹಾಪ್‌ನವರು ಹಳೇ ಹಾಡಿನ ತುಣುಕು ಕತ್ತರಿಸಿ ಅಂಟಿಸೋಕೆ ಶುರು ಮಾಡಿದಾಗ 'ಟಾಲ್ ಕೂಲ್ ಒನ್'ನಲ್ಲಿ ಝೆಪ್ಪೆಲಿನ್ ತುಣುಕುಗಳನ್ನೇ ಕತ್ತರಿಸಿ ಅಂಟಿಸಿದರು. ಎಲ್ಲರೂ ಎಂಟಿವಿಯಲ್ಲಿ ಕರೆಂಟ್ ಗಿಟಾರ್ ಕೆಳಗಿಟ್ಟು ಕೂತು ಹಾಡಿದಾಗ 1994ರಲ್ಲಿ ಝೆಪ್ಪೆಲಿನ್‌ನ ಗಿಟಾರ್ ವಾದಕ ಜಿಮ್ಮಿ ಪೇಜ್ ಜೊತೆ 'ಅನ್‌ಲೆಡೆಡ್' ಮಾಡಿದರು. ಆಫ್ರಿಕಾದ ಸಂಗೀತಕ್ಕೆ ಬೆಲೆ ಬಂದಾಗ ಮಾಲಿಗೆ ಹೋದರು. ಅಮೆರಿಕದ ಹಳ್ಳಿ ಹಾಡಿಗೆ ಬೆಲೆ ಬಂದಾಗ ನ್ಯಾಶ್‌ವಿಲ್‌ಗೆ ಹೋದರು. ಪ್ರತಿ ಸಲವೂ ಗಾಳಿ ಬಂದ ಕಡೆ ತೂರಿಕೊಂಡಿದ್ದಾರೆ. ಇದನ್ನು ಡ್ರಮ್ ಮೇಲೆ ಹಾಕೋದು ಸರಿಯಲ್ಲ ಅಂತ ನನ್ನ ಅಭಿಪ್ರಾಯ.

ಸೌಂಡ್‌ಚೆಕ್

ಡ್ರಮ್ ಬಗ್ಗೆ ಹಳೇ_ಕ್ಯಾಸೆಟ್ ಅವರು ಹೇಳಿದ್ದು ಕೆಲಸದ ದೃಷ್ಟಿಯಿಂದ ತುಂಬಾ ಸರಿ. ನಾನು ಲೈವ್ ಕಾರ್ಯಕ್ರಮಗಳಿಗೆ ಮಿಕ್ಸಿಂಗ್ ಮಾಡ್ತೀನಿ, ಅದಕ್ಕೆ ಇದರ ಬಗ್ಗೆ ಸ್ವಲ್ಪ ಬರೀತೀನಿ.

1971ರಲ್ಲಿ ಝೆಪ್ಪೆಲಿನ್‌ನವರು ಹೆಡ್ಲಿ ಗ್ರೇಂಜ್ ಅನ್ನೋ ಹಳೇ ಬಂಗಲೆಯಲ್ಲಿ 'ವೆನ್ ದ ಲೆವೀ ಬ್ರೇಕ್ಸ್' ರೆಕಾರ್ಡ್ ಮಾಡಿದರು. ಬಾನಮ್ ಅವರ ಡ್ರಮ್ ಸೆಟ್ ಕೆಳಗೆ ಹಜಾರದಲ್ಲಿತ್ತು. ಮೈಕ್‌ಗಳನ್ನು ಮೆಟ್ಟಿಲಿನ ಮೇಲುಗಡೆಯಿಂದ ಇಳಿಬಿಟ್ಟಿದ್ದರು. ಹೊಡೆತ ಗೋಡೆಗೆ ಬಡಿದು, ಮೇಲಕ್ಕೆ ಏರಿ, ಮೈಕ್ ಮುಟ್ಟುತ್ತೆ. ಆ ಸದ್ದಿನಲ್ಲಿ ಮನೆ ಇದೆ. ಹಜಾರ ಎಷ್ಟು ದೊಡ್ಡದು ಅಂತ ಕಿವಿಗೆ ಗೊತ್ತಾಗುತ್ತೆ.

1980ರ ಹೊತ್ತಿಗೆ ಲಂಡನ್ನಿನ ಸ್ಟುಡಿಯೋದಲ್ಲಿ ಬೇರೆ ದಾರಿ ಸಿಕ್ಕಿತು. ಹಾಡುಗಾರ ಪೀಟರ್ ಗೇಬ್ರಿಯಲ್ ಅವರ ಮೂರನೇ ಆಲ್ಬಮ್‌ಗೆ ಡ್ರಮ್ಮರ್, ಹಾಡುಗಾರ ಫಿಲ್ ಕಾಲಿನ್ಸ್ ಡ್ರಮ್ ನುಡಿಸುವಾಗ ಆಗಿದ್ದು. ಹೊಡೆತಕ್ಕೆ ದೊಡ್ಡ ಮಾರ್ದನಿ ಕೊಡೋದು, ಆದರೆ ಆ ಮಾರ್ದನಿ ತಾನಾಗಿ ಇಳಿಯೋಕೆ ಬಿಡದೆ ಪಟ್ ಅಂತ ಕತ್ತರಿಸೋದು. ಬಾಗಿಲು ಹಾಕಿದ ಹಾಗೆ. ಅದಕ್ಕೇ ಅದನ್ನು ಗೇಟೆಡ್ ರಿವರ್ಬ್ ಅಂತಾರೆ. ಮುಂದಿನ ವರ್ಷ ಕಾಲಿನ್ಸ್ ತಮ್ಮದೇ ಹಾಡಿನಲ್ಲಿ ಅದನ್ನು ಲೋಕಕ್ಕೆಲ್ಲ ಕೇಳಿಸಿದರು. ಆಮೇಲೆ ಎಲ್ಲರಿಗೂ ಅದೇ ಬೇಕಾಯಿತು.

ನಿಜವಾದ ಹಜಾರ ಯಾವ ಕಾಲದಲ್ಲೂ ಹಜಾರವೇ. ಆ ಕತ್ತರಿಸಿದ ಮಾರ್ದನಿ ಯಾವ ಜಾಗದಲ್ಲೂ ಇಲ್ಲ. ಅದು ಒಂದು ಮೆಷಿನ್‌ನ ಸದ್ದು. ಆ ಮೆಷಿನ್ ಮೂಲೆ ಸೇರಿದ ದಿನ ಹಾಡಿನ ವಯಸ್ಸೂ ಗೊತ್ತಾಗಿಬಿಡುತ್ತೆ. ಪ್ಲಾಂಟ್ ಅವರ ಮೊದಲ ಎರಡು ಆಲ್ಬಮ್‌ಗಳಲ್ಲಿ ಹೆಚ್ಚಿನ ಹಾಡುಗಳಿಗೆ ಡ್ರಮ್ ನುಡಿಸಿದ್ದು ಇದೇ ಫಿಲ್ ಕಾಲಿನ್ಸ್ ಅನ್ನೋದನ್ನು ಮರೀಬೇಡಿ.

ಆದರೆ ಕಾಲಿನ್ಸ್‌ರನ್ನು ಬೈಯೋಕೆ ಮನಸ್ಸು ಬರಲ್ಲ. ಬಾನಮ್ ಹೋದ ಮೇಲೆ ಪ್ಲಾಂಟ್ ಮತ್ತೆ ಮೈಕ್ ಮುಂದೆ ನಿಲ್ಲೋಕೆ ಬೆನ್ನಿಗೆ ನಿಂತವರು ಅವರು. ಆಗಲೇ ಸ್ವತಃ ದೊಡ್ಡ ಹೆಸರು. ಆದರೂ 1983ರ ಪ್ರವಾಸದಲ್ಲಿ ಹಿಂದೆ ಕೂತು ಡ್ರಮ್ ನುಡಿಸಿದರು.

ಹಳೇ_ಕ್ಯಾಸೆಟ್

ಸೌಂಡ್‌ಚೆಕ್ ಅವರೇ, ಹಜಾರದ ಮಾತು ಓದಿ ಆ ಹಾಡನ್ನು ಈಗ ತಾನೇ ಮತ್ತೆ ಹಾಕಿದೆ. ಹೌದು, ಮನೆ ಕೇಳಿಸುತ್ತೆ.

ದಾವಣಗೆರೆ_ರಾಕ್ ಅವರಿಗೆ: ನಿಮ್ಮ ಪಟ್ಟಿ ಸುಳ್ಳಲ್ಲ. ಆದರೆ ಅದರಲ್ಲಿ 1984 ಬಿಟ್ಟುಹೋಗಿದೆ. ಆ ವರ್ಷ ಎಲ್ಲಿ ನೋಡಿದರೂ ಸಿಂಥ್. ಆಗ ಪ್ಲಾಂಟ್ 'ದ ಹನಿಡ್ರಿಪ್ಪರ್ಸ್' ಅಂತ ಹೆಸರಿಟ್ಟುಕೊಂಡು ಐದು ಹಾಡಿನ ಪುಟ್ಟ ರೆಕಾರ್ಡ್ ಮಾಡಿದರು. ಎಲ್ಲ ಹಳೇ ಹಾಡುಗಳು. ಜೊತೆಗೆ ಪೇಜ್, ಜೆಫ್ ಬೆಕ್, ನೈಲ್ ರಾಜರ್ಸ್. ಅದರಲ್ಲಿದ್ದ 'ಸೀ ಆಫ್ ಲವ್' 1959ರ ಹಾಡು. ತಂತಿ ವಾದ್ಯಗಳ ಜೊತೆ ಮೆತ್ತಗೆ ಹಾಡಿದ್ದಾರೆ, ಒಂದು ಕಡೆಯೂ ಕಿರುಚಿಲ್ಲ. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು 3ನೇ ಸ್ಥಾನಕ್ಕೆ ಹೋಯಿತು. ಸೋಲೋ ಹೆಸರಿನಲ್ಲಿ ಬಂದ ಅವರ ಯಾವ ಹಾಡೂ ಅಲ್ಲಿ ಅಷ್ಟು ಮೇಲೆ ಹೋಗಿಲ್ಲ.

ಅಂದರೆ ಗಾಳಿಗೆ ಎದುರಾಗಿ ಹಾಡಿದ್ದೇ ಎಲ್ಲಕ್ಕಿಂತ ಜಾಸ್ತಿ ಓಡಿತು. ಬೇರೆ ಯಾರಾದರೂ ಆಗಿದ್ದರೆ ಅದೇ ದಾರಿಯಲ್ಲಿ ಇನ್ನೂ ಎರಡು ಆಲ್ಬಮ್ ಮಾಡುತ್ತಿದ್ದರು. ಅದರ ಹೆಸರಿನಲ್ಲೇ 'ವಾಲ್ಯೂಮ್ ಒನ್' ಅಂತ ಇದೆ. ಎರಡನೆಯದು ಬರಲೇ ಇಲ್ಲ. ಮುಂದಿನ ವರ್ಷ 'ಶೇಕನ್ ಎನ್ ಸ್ಟರ್ಡ್' ಬಂತು. ಅಷ್ಟು ಒಡೆದು ಜೋಡಿಸಿದ ತಾಳ, ಗಿಟಾರ್‌ಗೂ ಸಿಂಥ್, ಎಲ್ಲವೂ ವಿಚಿತ್ರ. ಓಡೋ ಕುದುರೆ ಮೇಲೆ ಹಣ ಕಟ್ಟೋ ಮನುಷ್ಯ ಹೀಗೆ ಮಾಡ್ತಾನಾ?

ಮೃದಂಗದ_ಹುಡುಗ

'ಶೇಕನ್ ಎನ್ ಸ್ಟರ್ಡ್' ಬಗ್ಗೆ ಯಾರೂ ಒಳ್ಳೆ ಮಾತು ಆಡಲ್ಲ, ನಾನು ಆಡ್ತೀನಿ. ಅದರಲ್ಲಿ ಡ್ರಮ್ ನುಡಿಸಿದವರು ಲಿಟಲ್ ಫೀಟ್ ಬ್ಯಾಂಡಿನ ರಿಚಿ ಹೇವರ್ಡ್. ಅವರ ಲಯ ನೋಡಿ. ಒಂದು ಆವರ್ತದ ಒಳಗೆ ಎಲ್ಲಿ ಒತ್ತು ಬೀಳುತ್ತೆ ಅಂತ ಕೈಯಲ್ಲಿ ತಾಳ ಹಾಕಿ ಹಿಡಿಯೋಕೆ ಹೋದರೆ ಎರಡು ಸಲ ತಪ್ಪುತ್ತೆ. ಮೇಲೆ ಬಳಿದ ಬಣ್ಣ 1985ರದು, ಒಪ್ಪಿಕೊಂಡೆ. ಕೆಳಗಿರೋ ಕೈ ಯಾವ ಕಾಲಕ್ಕೂ ಒಳ್ಳೆಯ ಕೈ.

ಇನ್ನೊಂದು ವಿಷಯ. ಪ್ಲಾಂಟ್ ಅವರಿಗೆ ಪೂರ್ವದ ಸಂಗೀತದ ಹುಚ್ಚು ವರ್ಲ್ಡ್ ಮ್ಯೂಸಿಕ್ ಅನ್ನೋ ಹೆಸರು ಚಲಾವಣೆಗೆ ಬರೋಕೆ ಎಷ್ಟೋ ಮುಂಚಿನದು. 1972ರಲ್ಲೇ ಅವರೂ ಪೇಜ್ ಅವರೂ ಬಾಂಬೆಗೆ ಬಂದು ಅಲ್ಲಿನ ವಾದ್ಯಗಾರರ ಜೊತೆ 'ಫ್ರೆಂಡ್ಸ್', 'ಫೋರ್ ಸ್ಟಿಕ್ಸ್' ಎರಡನ್ನೂ ರೆಕಾರ್ಡ್ ಮಾಡಿದ್ದರು. ಅದು ಹೊರಗೆ ಬಂದಿದ್ದು 2015ರಲ್ಲಿ, 'ಕೋಡಾ' ಆಲ್ಬಮ್ ಮರುಬಿಡುಗಡೆ ಆದಾಗ. 43 ವರ್ಷ ಪೆಟ್ಟಿಗೆಯಲ್ಲಿತ್ತು. ಈಜಿಪ್ಟಿನ ಉಮ್ ಕುಲ್ಸುಮ್ ಅವರ ಹಾಡಿಗೆ ಮನಸೋತಿದ್ದನ್ನು ಅವರೇ ಎಷ್ಟೋ ಸಲ ಹೇಳಿದ್ದಾರೆ. ಎರಡು ಸ್ವರಗಳ ನಡುವೆ ದನಿಯನ್ನು ಜಾರಿಸಿ ಅಲುಗಿಸೋದು ಅವರಿಗೆ ಮೊದಲಿಂದಲೂ ಇಷ್ಟ. ನಮ್ಮ ಗಮಕ ಕೇಳಿ ಬೆಳೆದ ಕಿವಿಗೆ ಅದು ಥಟ್ಟನೆ ಸಿಗುತ್ತೆ.

ಅದಕ್ಕೇ 'ಅನ್‌ಲೆಡೆಡ್' ಅನ್ನು ಬರೀ ಎಂಟಿವಿ ಫ್ಯಾಷನ್ ಅನ್ನೋದು ತಪ್ಪು. ಅವರಿಗೆ ಅವಕಾಶ ಕೊಟ್ಟಿದ್ದು ಫ್ಯಾಷನ್, ನಿಜ. ಆದರೆ ಅವರು ಅದನ್ನು ಬಳಸಿಕೊಂಡ ರೀತಿ ನೋಡಿ. ಮರ್ರಾಕೇಶ್‌ನಲ್ಲಿ ಅಲ್ಲಿನ ವಾದಕರ ಜೊತೆ ಕೂತರು. ಈಜಿಪ್ಟಿನ ತಾಳವಾದ್ಯದವರನ್ನು ಕರೆಸಿದರು. 'ದ ಬ್ಯಾಟಲ್ ಆಫ್ ಎವರ್‌ಮೋರ್' ಹಾಡಿಗೆ ಗಾಯಕಿ ನಜ್ಮಾ ಅಖ್ತರ್ ಅವರನ್ನು ಜೊತೆಗೆ ನಿಲ್ಲಿಸಿದರು. ಬರೀ ಗಿಟಾರ್ ಬದಲಾಯಿಸಿ ಹಳೇ ಹಾಡು ಹಾಡಿದ್ದರೂ ಜನ ಸಾಲುಗಟ್ಟುತ್ತಿದ್ದರು.

ದಾವಣಗೆರೆ_ರಾಕ್

ಬಾಂಬೆ ವಿಷಯ ನನಗೆ ಗೊತ್ತಿರಲಿಲ್ಲ. ಈಗ ಕೇಳ್ತಾ ಇದ್ದೀನಿ. 'ಫ್ರೆಂಡ್ಸ್' ಅದ್ಭುತವಾಗಿದೆ. 1984ರ ಮಾತನ್ನೂ ಒಪ್ಪಿದೆ.

ಆದರೂ 'ಟಾಲ್ ಕೂಲ್ ಒನ್' ನನಗೆ ನೋವು ಕೊಟ್ಟ ಹಾಡು. 1983ರ ಪ್ರವಾಸದಲ್ಲಿ ಝೆಪ್ಪೆಲಿನ್ ಹಾಡು ಒಂದೂ ಹಾಡದೆ, ನಾನೀಗ ಬೇರೆ ಅಂತ ತೋರಿಸಿದ ಮನುಷ್ಯ. ಐದು ವರ್ಷದಲ್ಲಿ ಅದೇ ಹಾಡುಗಳ ಚೂರುಗಳನ್ನು ಮಸಾಲೆ ಥರ ಉದುರಿಸಿ, ಆ ಹಾಡು ಕೋಕಾಕೋಲಾ ಜಾಹೀರಾತಿಗೂ ಹೋಯಿತಲ್ಲ. ಅದು ಬೇಕಿತ್ತಾ?

ಸೌಂಡ್‌ಚೆಕ್

ಜಾಹೀರಾತಿನ ಬಗ್ಗೆ ನಾನೇನೂ ಹೇಳಲ್ಲ. ಚೂರುಗಳ ಬಗ್ಗೆ ಹೇಳ್ತೀನಿ. 1986ರಲ್ಲಿ ಹಿಪ್ ಹಾಪ್ ತಂಡ ಬೀಸ್ಟೀ ಬಾಯ್ಸ್ ತಮ್ಮ ಮೊದಲ ಆಲ್ಬಮ್‌ನ ಮೊದಲ ಹಾಡನ್ನೇ ಬಾನಮ್ ಅವರ ಆ ಹಜಾರದ ಡ್ರಮ್ ಮೇಲೆ ಕಟ್ಟಿದರು. ಹೊಸ ಹುಡುಗರು ಬಾನಮ್ ಸದ್ದಿಗೆ ಕುಣಿಯುತ್ತಿದ್ದಾರೆ, ಪ್ಲಾಂಟ್ ಮಾತ್ರ ಅದನ್ನು ಮುಟ್ಟದೆ ಕೂತಿದ್ದಾರೆ. ಅವರೂ ಮುಟ್ಟಿದರು. ಗಿಟಾರ್‌ಗೆ ಪೇಜ್ ಅವರನ್ನೇ ಕರೆದರು. ನನಗೆ ಅದು ಬ್ಯಾಂಡ್ ಜೊತೆಗಿನ ಮುನಿಸು ಮುರಿದ ಹಾಗೆ ಕೇಳುತ್ತೆ. 1988ರ ಪ್ರವಾಸದಿಂದ ಝೆಪ್ಪೆಲಿನ್ ಹಾಡುಗಳನ್ನು ಮತ್ತೆ ಹಾಡೋಕೆ ಶುರು ಮಾಡಿದರು ಅನ್ನೋದೂ ನೆನಪಿರಲಿ.

ಮಳೆರಾಗ

ನಾನು ಇಲ್ಲಿ ಎಲ್ಲರಿಗಿಂತ ಚಿಕ್ಕವಳು ಅನಿಸುತ್ತೆ. ನಾನು ಪ್ಲಾಂಟ್ ಅವರನ್ನು ಕೇಳಿದ್ದೇ ಉಲ್ಟಾ ದಾರಿಯಲ್ಲಿ. ಮೊದಲು 'ರೈಸಿಂಗ್ ಸ್ಯಾಂಡ್'. ಅದರಲ್ಲಿ ಪ್ಲಾಂಟ್ ಜೊತೆ ಹಾಡಿದ ಅಮೆರಿಕದ ಗಾಯಕಿ ಆಲಿಸನ್ ಕ್ರಾಸ್ ಅವರ ದನಿಗೋಸ್ಕರ ಕೇಳಿದ್ದು. ಜೊತೆಗೆ ಹಾಡುತ್ತಿದ್ದ ಆ ಮೆತ್ತಗಿನ ಗಂಡು ದನಿ ಯಾರದು ಅಂತ ಹುಡುಕಿ ಝೆಪ್ಪೆಲಿನ್‌ಗೆ ಹೋದೆ. ಮೊದಲ ಸಲ 'ಇಮಿಗ್ರೆಂಟ್ ಸಾಂಗ್' ಕೇಳಿ ಬೆಚ್ಚಿಬಿದ್ದೆ. ಅದೇ ಮನುಷ್ಯ ಅಂತ ನಂಬೋಕೇ ಆಗಲಿಲ್ಲ.

ಹಳೇ_ಕ್ಯಾಸೆಟ್ ಅವರ ಡ್ರಮ್ ವಾದಕ್ಕೆ ಒಂದು ಪರೀಕ್ಷೆ ಇದೆ. 'ಪ್ಲೀಸ್ ರೀಡ್ ದ ಲೆಟರ್' ಹಾಡನ್ನು ಅವರು ಎರಡು ಸಲ ರೆಕಾರ್ಡ್ ಮಾಡಿದ್ದಾರೆ. ಒಮ್ಮೆ 1998ರಲ್ಲಿ ಪೇಜ್ ಜೊತೆ, 'ವಾಕಿಂಗ್ ಇಂಟು ಕ್ಲಾರ್ಕ್ಸ್‌ಡೇಲ್' ಆಲ್ಬಮ್‌ನಲ್ಲಿ. ಇನ್ನೊಮ್ಮೆ 2007ರಲ್ಲಿ ಕ್ರಾಸ್ ಜೊತೆ. ಅದೇ ಹಾಡು, ಅದೇ ಹಾಡುಗಾರ, ನಡುವೆ ಒಂಬತ್ತು ವರ್ಷ. ಮೊದಲನೆಯದನ್ನು ಹೆಚ್ಚು ಜನ ಕೇಳಿಯೇ ಇಲ್ಲ. ಎರಡನೆಯದಕ್ಕೆ 2009ರಲ್ಲಿ ವರ್ಷದ ರೆಕಾರ್ಡ್ ಅಂತ ಗ್ರ್ಯಾಮಿ ಬಂತು. ಅದೇ ರಾತ್ರಿ ವರ್ಷದ ಆಲ್ಬಮ್ ಸೇರಿ ಒಟ್ಟು ಐದು.

ದಯವಿಟ್ಟು ಎರಡನ್ನೂ ಒಂದಾದ ಮೇಲೆ ಒಂದು ಕೇಳಿ ಬಂದು ಹೇಳಿ.

ಹಳೇ_ಕ್ಯಾಸೆಟ್

ಕೇಳಿದೆ, ಮಳೆರಾಗ ಅವರೇ. ನಿನ್ನೆ ರಾತ್ರಿ ನಾಲ್ಕು ಸಲ.

ನನ್ನ ವಾದ ಇಲ್ಲಿ ನಿಲ್ಲಲ್ಲ. 1998ರದನ್ನು ರೆಕಾರ್ಡ್ ಮಾಡಿದವರು ಸ್ಟೀವ್ ಆಲ್ಬಿನಿ. ಕೋಣೆಯಲ್ಲಿ ಕೇಳಿದ ಹಾಗೇ ಟೇಪ್‌ಗೆ ಇಳಿಸೋದು ಅವರ ಹಟ. ಅಲ್ಲಿ ಡ್ರಮ್ ಎಳ್ಳಷ್ಟೂ ಹಳತಾಗಿಲ್ಲ. ಆದರೂ ಹಾಡು ಮುಟ್ಟಲ್ಲ. 2007ರದು ಮೊದಲ ಸಾಲಿಗೇ ಹಿಡಿದುಕೊಳ್ಳುತ್ತೆ. ಹಾಗಾದರೆ ಡ್ರಮ್ ಒಂದೇ ಕಾರಣ ಅಲ್ಲ.

ಮೊದಲನೆಯದರಲ್ಲಿ ಪ್ಲಾಂಟ್ ಒಬ್ಬರೇ. ಪಲ್ಲವಿಗೆ ಬಂದಾಗ ದನಿ ಏರಿಸ್ತಾರೆ, ಎಳೀತಾರೆ, ಬೇಡಿಕೊಳ್ತಾರೆ. ಓದಿ ಅಂತ ಕೈ ಹಿಡಿದು ಒತ್ತಾಯ ಮಾಡಿದ ಹಾಗೆ. ಎರಡನೆಯದು ನಿಧಾನ. ಜೇ ಬೆಲ್ಲರೋಸ್ ಅವರ ಡ್ರಮ್ ದೂರದಲ್ಲಿ ಯಾರೋ ನಡೆದು ಬಂದ ಹಾಗಿದೆ. ಪ್ಲಾಂಟ್ ತಗ್ಗಿದ ದನಿಯಲ್ಲಿ ಹಾಡ್ತಾರೆ, ಯಾಕಂದರೆ ಪಕ್ಕದಲ್ಲಿ ಇನ್ನೊಂದು ದನಿ ಇದೆ. ಅದರ ಜೊತೆ ಪ್ರತಿ ಅಕ್ಷರವನ್ನೂ ಕೂಡಿಸಬೇಕು. ಮನಸ್ಸಿಗೆ ಬಂದ ಹಾಗೆ ಎಳೆದರೆ ಅವರ ಸ್ವರಕ್ಕೆ ತಾಗುತ್ತೆ. ಝೆಪ್ಪೆಲಿನ್‌ನಲ್ಲಿ ಹಾಗೆ ಯಾರ ಜೊತೆಗೂ ಹೊಂದಿಸಿಕೊಂಡು ಹಾಡುವ ಅಗತ್ಯ ಅವರಿಗೆ ಬಂದಿದ್ದು ತೀರಾ ಕಡಿಮೆ. ಅಲ್ಲಿ ಅವರ ದನಿ ಗಿಟಾರ್ ಜೊತೆ ಜಗಳ ಆಡಬೇಕಿತ್ತು. 59ನೇ ವಯಸ್ಸಿಗೆ, ಅಷ್ಟು ದೊಡ್ಡ ಹೆಸರು ಇಟ್ಟುಕೊಂಡು, ಜೊತೆಹಾಡುವುದನ್ನು ಹೊಸದಾಗಿ ಕಲಿತಿದ್ದಾರೆ.

ಈಗ ನನಗೆ ಹೀಗನಿಸುತ್ತೆ. ಫ್ಯಾಷನ್ ಬದಲಾಯಿಸಿದ್ದು ಅವರ ಹಿಂದಿನ ಸದ್ದನ್ನು. ಅವರ ಹಾಡುಗಾರಿಕೆಯನ್ನೇ ಬದಲಾಯಿಸಿದ್ದು ಪಕ್ಕದಲ್ಲಿ ಬಂದು ನಿಂತ ಮನುಷ್ಯರು.

ದಾವಣಗೆರೆ_ರಾಕ್

ಇದು ಒಳ್ಳೆ ಮಾತು. ಆದರೆ ಒಂದನ್ನು ಹೇಳಲೇಬೇಕು. 'ರೈಸಿಂಗ್ ಸ್ಯಾಂಡ್' ನಿರ್ಮಿಸಿದ ಟಿ ಬೋನ್ ಬರ್ನೆಟ್ ಅವರೇ 2000ದಲ್ಲಿ 'ಓ ಬ್ರದರ್, ವೇರ್ ಆರ್ಟ್ ದೌ?' ಸಿನಿಮಾದ ಸಂಗೀತ ಮಾಡಿದವರು. ಆ ಆಲ್ಬಮ್‌ನಲ್ಲಿ ಕ್ರಾಸ್ ಕೂಡ ಹಾಡಿದ್ದಾರೆ. ಅದಕ್ಕೂ ವರ್ಷದ ಆಲ್ಬಮ್ ಗ್ರ್ಯಾಮಿ ಬಂದಿತ್ತು. ಹಾಗಾಗಿ ದಾರಿ ಮೊದಲೇ ಹದವಾಗಿತ್ತು. ಅದನ್ನು ಮರೆತು ಎಲ್ಲ ಪ್ಲಾಂಟ್ ಅವರ ಧೈರ್ಯ ಅಂದರೆ ಬರ್ನೆಟ್‌ಗೆ ಅನ್ಯಾಯ ಆಗುತ್ತೆ.

ಹಳೇ_ಕ್ಯಾಸೆಟ್

ಅನ್ಯಾಯ ಬೇಡ. ದಾರಿ ಹದ ಮಾಡಿದ್ದು ಬರ್ನೆಟ್ ಅವರೇ.

ಆದರೆ 2007ರ ಆ ಮೂರು ತಿಂಗಳು ನೋಡಿ. ಅಕ್ಟೋಬರ್‌ನಲ್ಲಿ 'ರೈಸಿಂಗ್ ಸ್ಯಾಂಡ್' ಬಂತು. ಡಿಸೆಂಬರ್ 10ರಂದು ಲಂಡನ್ನಿನ ಓ2 ಅರೀನಾದಲ್ಲಿ ಝೆಪ್ಪೆಲಿನ್ ಮತ್ತೆ ಸೇರಿತು, ಬಾನಮ್ ಅವರ ಮಗ ಜೇಸನ್ ಡ್ರಮ್‌ನಲ್ಲಿ. ಕೆಲವು ಹಾಡುಗಳ ಶ್ರುತಿ ಇಳಿಸಿಕೊಂಡು ಎಷ್ಟು ಚೆನ್ನಾಗಿ ಹಾಡಿದ್ದಾರೆ ಅಂದರೆ, ನೋಡಿದವರೆಲ್ಲ ಲೋಕ ಪ್ರವಾಸ ಗ್ಯಾರಂಟಿ ಅಂದುಕೊಂಡರು. ಒಪ್ಪಿದ್ದರೆ ಎಷ್ಟು ಹಣ ಬರುತ್ತಿತ್ತೋ ಲೆಕ್ಕ ಹಾಕೋಕಾಗಲ್ಲ. ಪ್ಲಾಂಟ್ ಒಪ್ಪಲಿಲ್ಲ. 2008ರಲ್ಲಿ ಕ್ರಾಸ್ ಜೊತೆ ಪ್ರವಾಸ ಹೋದರು. ಹಳೇ ಬ್ಯಾಂಡ್‌ಗಳು ಮತ್ತೆ ಸೇರೋದೇ ಆಗ ದೊಡ್ಡ ಫ್ಯಾಷನ್ ಆಗಿತ್ತು, ಅಲ್ವಾ? ಅದರಿಂದ ಎದ್ದು ಹೊರಗೆ ಬಂದರು.

ಮೃದಂಗದ_ಹುಡುಗ

ಪಕ್ಕದಲ್ಲಿ ನಿಂತ ಮನುಷ್ಯರು ಅಂದ್ರಲ್ಲ, ಅದಕ್ಕೆ ಇನ್ನೆರಡು ಸೇರಿಸ್ತೀನಿ. ಗಿಟಾರ್ ನುಡಿಸುವ ಜಸ್ಟಿನ್ ಆಡಮ್ಸ್. ಸಹಾರಾದ ತುವಾರೆಗ್ ಬ್ಯಾಂಡ್ ತಿನಾರಿವೆನ್‌ನ 2001ರ ಆಲ್ಬಮ್ ನಿರ್ಮಿಸಿದವರಲ್ಲಿ ಒಬ್ಬರು. 2003ರ ಜನವರಿಯಲ್ಲಿ ಮಾಲಿಯ ಮರಳುಗಾಡಿನ ಹಬ್ಬದಲ್ಲಿ ಪ್ಲಾಂಟ್ ಹಾಡಿದ್ದು ಅವರ ಜೊತೆ. ಎರಡು ವರ್ಷ ಬಿಟ್ಟು ಬಂದ 'ಮೈಟಿ ರೀಅರೇಂಜರ್' ಕೇಳಿ, ಆ ಮರಳು ಹಾಡಿನೊಳಗೇ ಇದೆ. ಇನ್ನೊಬ್ಬರು ಗ್ಯಾಂಬಿಯಾದ ಜುಲ್ದೇ ಕಮಾರಾ. ಅವರ ವಾದ್ಯ ರಿಟ್ಟಿ, ಒಂದೇ ತಂತಿಯ ಪಿಟೀಲು. 2014ರ ಆಲ್ಬಮ್‌ನಲ್ಲಿ ಆ ಒಂದು ತಂತಿ ಪ್ಲಾಂಟ್ ಅವರ ಶಾರೀರಕ್ಕೆ ಹೇಗೆ ಹೆಗಲು ಕೊಟ್ಟಿದೆ ಅಂತ ಕೇಳಿದರೆ ಮೈ ಜುಮ್ ಅನ್ನುತ್ತೆ.

ಮಿಡ್‌ಲ್ಯಾಂಡ್ಸ್_ಕನ್ನಡತಿ

ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ನಾನಿರೋದು ಅವರ ಸೀಮೆಯಲ್ಲೇ. ಪ್ಲಾಂಟ್ ಹುಟ್ಟಿದ ವೆಸ್ಟ್ ಬ್ರಾಮ್‌ವಿಚ್ ಇಲ್ಲಿಗೆ ಹತ್ತಿರ. ಕಲ್ಲಿದ್ದಲು, ಕಬ್ಬಿಣದ ಕೆಲಸಕ್ಕೆ ಹೆಸರಾದ ಕಡೆ, ಅದಕ್ಕೇ ಬ್ಲ್ಯಾಕ್ ಕಂಟ್ರಿ ಅಂತಾರೆ. ಇಲ್ಲಿನ ಜನಕ್ಕೆ ಅವರು ರಾಕ್ ಸ್ಟಾರ್ ಅನ್ನೋದಕ್ಕಿಂತ ವುಲ್ವರ್‌ಹ್ಯಾಂಪ್ಟನ್ ಫುಟ್‌ಬಾಲ್ ತಂಡದ ಹಳೇ ಅಭಿಮಾನಿ ಅಂತಲೇ ಜಾಸ್ತಿ ಪರಿಚಯ.

'ಸೇವಿಂಗ್ ಗ್ರೇಸ್' ತಂಡವನ್ನು ಒಂದು ಸಣ್ಣ ಸಭಾಂಗಣದಲ್ಲಿ ಕೇಳಿದ್ದೀನಿ. ಆಲ್ಬಮ್ ಬರೋಕೆ ವರ್ಷಗಳ ಮುಂಚೆ. ತಂಡದವರೆಲ್ಲ ಇದೇ ಸೀಮೆಯ ಸುತ್ತಮುತ್ತಲಿನವರು. ಬ್ಯಾಂಜೋ, ಚೆಲ್ಲೋ, ಮೆಲ್ಲಗಿನ ಡ್ರಮ್. ಜೊತೆಯಲ್ಲಿ ಹಾಡೋ ಸೂಝಿ ಡಿಯನ್ ಅಕಾರ್ಡಿಯನ್ ಕೂಡ ನುಡಿಸ್ತಾರೆ. ನಾನು ಎಂಟನೇ ಸಾಲಿನಲ್ಲಿ ಕೂತಿದ್ದೆ. ಮೈಕ್ ಇಲ್ಲದಿದ್ದರೂ ಕೇಳಿಸುತ್ತಿತ್ತೇನೋ ಅನ್ನುವಷ್ಟು ಹತ್ತಿರ.

ಒಂದು ಹಾಡಿನಲ್ಲಿ ಸೂಝಿ ಮುಂದೆ ನಿಂತು ಹಾಡಿದರು. ಪ್ಲಾಂಟ್ ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ಅವರ ಕಡೆಗೇ ತಿರುಗಿ ನಿಂತು, ಕೆಳಗಿನ ಸ್ವರ ಹಿಡಿದರು. ಹಾಡು ಮುಗಿಯೋ ತನಕ ಸಭೆ ಕಡೆ ನೋಡಲೇ ಇಲ್ಲ. ಅವರ ತುಟಿ ನೋಡುತ್ತಿದ್ದರು, ಎಲ್ಲಿ ಉಸಿರು ತೆಗೆದುಕೊಳ್ತಾರೆ ಅಂತ. 70 ದಾಟಿದ ಮನುಷ್ಯ, ತುಂಬಾ ಗಮನ ಇಟ್ಟು. ನನ್ನ ಪಕ್ಕದಲ್ಲಿದ್ದ ಹಿರಿಯರೊಬ್ಬರು ಝೆಪ್ಪೆಲಿನ್ ಟೀ ಶರ್ಟ್ ಹಾಕಿಕೊಂಡು ಬಂದಿದ್ದರು. ಅವರ ಕಣ್ಣು ತುಂಬಿತ್ತು.

ಮಳೆರಾಗ

ಉಸಿರಿನ ಮಾತು ಓದಿ 'ಪ್ಲೀಸ್ ರೀಡ್ ದ ಲೆಟರ್' ಮತ್ತೆ ಹಾಕಿದೆ. ಹೆಡ್‌ಫೋನ್‌ನಲ್ಲಿ ಕೇಳಿ. ಪ್ಲಾಂಟ್, ಕ್ರಾಸ್ ಇಬ್ಬರೂ ಸಾಲಿನ ಕೊನೆಯನ್ನು ಒಟ್ಟಿಗೇ ಬಿಡ್ತಾರೆ.

ಹಳೇ_ಕ್ಯಾಸೆಟ್

ಆ ಹಾಡನ್ನು ಇವತ್ತು ಬೆಳಿಗ್ಗೆ ಅಣ್ಣನಿಗೆ ಕಳಿಸಿದೆ. ಯಾರು ಅಂತ ಹೇಳಲಿಲ್ಲ. ಅವನು 'ನೌ ಆಂಡ್ ಝೆನ್' ಆದ ಮೇಲೆ ಪ್ಲಾಂಟ್ ಕೇಳಿದ್ದೇ ಇಲ್ಲ. ಸಂಜೆ ಫೋನ್ ಮಾಡಿದ. ಮೂರನೇ ಸಲ ಕೇಳುವಾಗ ಗುರುತು ಸಿಕ್ಕಿತಂತೆ. ದನಿ ತೆಳ್ಳಗೆ ಒಡೆಯುವ ಒಂದು ಜಾಗದಲ್ಲಿ. ಕ್ಯಾಸೆಟ್ ಪೆಟ್ಟಿಗೆ ಹಾಗೇ ಇರಲಿ, ಭಾನುವಾರ ಬರ್ತೀನಿ ಅಂದಿದ್ದಾನೆ.